ಡ್ರಮ್ಮಿನ ಬುಡದ ಒಂದು ಹಿಡಿ

ಶಿವಲಿಂಗವ್ವನ ಮನೆಯ ಜೋಳದ ಡಬ್ಬಿ ಅವರು ಮದುವೆಯಾಗಿ ಬಂದ ದಿನದಿಂದ ಇವತ್ತಿನವರೆಗೆ ಒಮ್ಮೆಯೂ ಪೂರ್ತಿ ಬರಿದಾಗಿಲ್ಲ. ಡಬ್ಬಿ ತೊಳೆಯುವ ದಿನ ಒಂದು ಹಿಡಿ ಜೋಳವನ್ನು ಮೊದಲು ಬಟ್ಟಲಿಗೆ ತೆಗೆದಿಡುತ್ತಾರೆ. ತೊಳೆದು, ಒರೆಸಿ, ಬಿಸಿಲಿಗಿಟ್ಟು ಒಣಗಿಸಿದ ಮೇಲೆ ಆ ಹಿಡಿಯನ್ನೇ ಮೊದಲು ಬುಡಕ್ಕೆ ಹಾಕಿ ಕೈಮುಗಿದು, ಅದರ ಮೇಲೆ ಹೊಸ ಜೋಳ ಸುರಿಯುತ್ತಾರೆ. ಕಾಳು ಮುಗಿಯಿತು, ಖಾಲಿಯಾಯಿತು ಎಂಬ ಮಾತು ಅವರ ಬಾಯಲ್ಲಿ ಬರುವುದಿಲ್ಲ. ‘ಜೋಳ ತುಂಬೈತಿ, ತರಬೇಕು’ ಎನ್ನುತ್ತಾರೆ. ನಮ್ಮ ಮನೆಯಲ್ಲೂ ಅಕ್ಕಿ ಡಬ್ಬಿಗೆ ನಾವು ಹಾಗೆಯೇ ಮಾಡುವುದು. ಹಾಗಾಗಿ ಅವರು ತಮ್ಮ ತಪ್ಪನ್ನು ನನಗೆ ಹೇಳಿಕೊಂಡಾಗ, ಹಾಗೇಕೆ ಮಾಡಿದಿರಿ ಎಂದು ಕೇಳುವ ಬಾಯಿ ನನಗಿರಲಿಲ್ಲ.

ಹೇಳಿದ್ದು ಶೆಟ್ಟಿಹಳ್ಳಿಯ ನಮ್ಮ ಬೀದಿಯ ಈಶ್ವರನ ಗುಡಿಯಲ್ಲಿ, ದೀಪದ ಕಂಬ ಉಜ್ಜುತ್ತಾ. ಸೋಮವಾರ ಬೆಳಿಗ್ಗೆ ಅವರು ಕೆಲಸಕ್ಕೆ ಹೋಗುವ ಮುಂಚೆ ನಾವಿಬ್ಬರೂ ಆ ಸೇವೆ ಮಾಡುತ್ತೇವೆ. ಒಂದೇ ದಿನ ಹೇಳಿ ಮುಗಿಸಲಿಲ್ಲ, ನಾಲ್ಕೈದು ಸೋಮವಾರ ಬೇಕಾಯಿತು.

ಶಿವಲಿಂಗವ್ವ ರೋಣದ ಕಡೆಯವರು. ಗಂಡ ವೀರಬಸಪ್ಪನವರಿಗೆ ಜಾಲಹಳ್ಳಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಕಾವಲಿನ ಕೆಲಸ ಸಿಕ್ಕಾಗ ಇಲ್ಲಿಗೆ ಬಂದರು. ಆರು ವರ್ಷದ ಹಿಂದೆ ಶಿವಲಿಂಗವ್ವ ಶೆಟ್ಟಿಹಳ್ಳಿಯ ಒಂದು ಹುರಿಹಿಟ್ಟಿನ ಕಾರ್ಖಾನೆಗೆ ಸೇರಿದರು. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಈ ಊರಿನ ಹಳೆಯ ಒಕ್ಕಲು ಮನೆತನದ ನಿರಂಜನ್, ತಮ್ಮ ಹೊಲವಿದ್ದ ಜಾಗದಲ್ಲಿ ಕಟ್ಟಿಸಿದ ಶೆಡ್ಡು. ಯಶವಂತಪುರದ ಮಂಡಿಯಿಂದ ರಾಗಿ, ಗೋಧಿ, ಹೆಸರುಕಾಳು, ಹುರಿಗಡಲೆ, ಕಡ್ಲೆಬೀಜ ಬರುತ್ತವೆ. ಹುರಿದು, ಬೀಸಿ, ಬೆರೆಸಿ, ಪ್ಯಾಕೆಟ್ಟು ಕಟ್ಟುವವರು ಹನ್ನೊಂದು ಹೆಂಗಸರು. ಹುರಿಯುವುದರಲ್ಲಿ ಶಿವಲಿಂಗವ್ವನನ್ನು ಮೀರಿಸುವವರಿರಲಿಲ್ಲ. ರಾಗಿ ಸಿಡಿಯುವ ಸದ್ದು ಕೇಳಿಯೇ ಒಲೆ ಇಳಿಸುತ್ತಿದ್ದರು.

ಅಲ್ಲಿ ಅವರಿಗೆ ತೀರ ಹತ್ತಿರದವಳು ನಜ್ಮುನ್ನೀಸಾ. ಆರ್.ಟಿ. ನಗರದಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಪಾತ್ರೆ, ಯಂತ್ರ, ಡ್ರಮ್ಮು ತೊಳೆಯುವ ಕೆಲಸ ಅವಳದು. ಮಧ್ಯಾಹ್ನ ಹಿತ್ತಲಿನ ಕಟ್ಟೆಯ ಮೇಲೆ ಇಬ್ಬರೂ ಒಟ್ಟಿಗೆ ಕೂರುತ್ತಿದ್ದರು. ಶಿವಲಿಂಗವ್ವನ ಖಡಕ್ ರೊಟ್ಟಿ ಮುರಿಯುವಾಗ, “ಅಕ್ಕಾ, ಇದು ರೊಟ್ಟಿನಾ ಹೆಂಚಾ? ನನ್ ಹಲ್ಲಿಗೆ ಇನ್ಶೂರೆನ್ಸ್ ಮಾಡ್ಸಿಕೊಡಿ” ಎನ್ನುತ್ತಿದ್ದಳು. ಎನ್ನುತ್ತಲೇ ಎರಡು ರೊಟ್ಟಿ ತಿನ್ನುತ್ತಿದ್ದಳು, ಮೇಲೆ ಶೇಂಗಾ ಚಟ್ನಿ ಕೇಳಿ ಹಾಕಿಸಿಕೊಳ್ಳುತ್ತಿದ್ದಳು. ನಮ್ಮ ಕಡ್ಲೆಬೀಜವೇ ಶಿವಲಿಂಗವ್ವನ ಬಾಯಲ್ಲಿ ಶೇಂಗಾ.

ಎರಡು ವರ್ಷದ ಹಿಂದೆ ಸ್ಮಿತಾ ಎಂಬ ಹುಡುಗಿ ಬಂದಳು. ಆಹಾರದ ಬಗ್ಗೆಯೇ ಓದಿಕೊಂಡವಳು. ಬಂದ ಮೊದಲ ವಾರವೇ ಹೆಂಗಸರನ್ನೆಲ್ಲ ಕೂರಿಸಿ, ತಿನ್ನುವ ಪದಾರ್ಥಕ್ಕೆ ಯಾವ ಯಾವ ದಾರಿಯಿಂದ ಅಪಾಯ ಬರುತ್ತದೆ ಎಂದು ಹೇಳಿಕೊಟ್ಟಳು. ಕಣ್ಣಿಗೆ ಕಾಣದ ಹುಳ, ಹಳೆಯ ಕಡ್ಲೆಬೀಜಕ್ಕೆ ಹಿಡಿಯುವ ಬೂಷ್ಟಿನ ವಿಷ, ಸೋಪಿನ ನೀರು, ಕೂದಲು, ಬಳೆಚೂರು. ಬಾಗಿಲಲ್ಲಿ ಒಂದು ತಗಡಿನ ಡಬ್ಬಿ ಇಟ್ಟಳು. ಬಳೆ, ಓಲೆ, ಕಾಲುಂಗುರ ಎಲ್ಲ ಅದರೊಳಗೆ. ಕೈಗೆ ಗ್ಲೌಸು, ತಲೆಗೆ ಟೋಪಿ, ಜೇಬಿಲ್ಲದ ಕೋಟು. ಶಿವಲಿಂಗವ್ವ ಹಸಿರು ಬಳೆ ತೆಗೆಯುವಾಗ ಕಣ್ಣು ತುಂಬಿಕೊಂಡರೂ ತೆಗೆದರು. ಕೊರಳ ಇಷ್ಟಲಿಂಗ ಮಾತ್ರ ತೆಗೆಯಲಾರೆ ಎಂದರು. ಸ್ಮಿತಾ ಸ್ವಲ್ಪ ಹೊತ್ತು ಯೋಚಿಸಿ, “ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಕೋಟಿನ ಒಳಗೆ ಇಟ್ಕೊಳ್ಳಿ ಅಕ್ಕ, ಬೆಳಿಗ್ಗೆ ಸಂಜೆ ನಾನೇ ನೋಡ್ತೀನಿ” ಎಂದು ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡಳು. ಅವತ್ತಿನಿಂದ ಸ್ಮಿತಾ ಹೇಳಿದ ಒಂದು ಮಾತನ್ನೂ ಮೀರಬಾರದು ಎಂದು ಶಿವಲಿಂಗವ್ವ ನಿಶ್ಚಯಿಸಿದ್ದರಂತೆ.

ಒಂದನ್ನು ಬಿಟ್ಟು.

ಹಿಟ್ಟು ಬೆರೆಸಿದ ಮೇಲೆ ಅದನ್ನು ಒಂದು ದೊಡ್ಡ ಸ್ಟೀಲ್ ಡ್ರಮ್ಮಿಗೆ ತುಂಬುತ್ತಾರೆ. ಅಲ್ಲಿಂದ ಇಬ್ಬರು ಎತ್ತಿ ಪ್ಯಾಕಿಂಗ್ ಯಂತ್ರದ ಬಾಯಿಗೆ ಬೋರಲು ಹಾಕಿ ಸುರಿಯುತ್ತಾರೆ. ಡ್ರಮ್ಮು ತೊಳೆಯುವ ದಿನ ಬುಡ ಬಣಬಣ ಎನ್ನುವುದನ್ನು ಶಿವಲಿಂಗವ್ವನಿಗೆ ನೋಡಲಾಗುತ್ತಿರಲಿಲ್ಲ. ಸೇರಿದ ಮೊದಲ ತಿಂಗಳಿನಿಂದಲೇ, ಸುರಿಯುವ ಮುಂಚೆ ಒಂದು ಹಿಡಿ ಹಿಟ್ಟು ತೆಗೆದು ಕಾಗದದಲ್ಲಿ ಕಟ್ಟುವುದು, ತೊಳೆದು ಒಣಗಿದ ಡ್ರಮ್ಮಿಗೆ ಅದನ್ನು ಮೊದಲು ಹಾಕುವುದು, ಆಮೇಲೆ ಹೊಸ ಹಿಟ್ಟು. ಹನ್ನೊಂದು ಮನೆಗಳ ಒಲೆ ಆ ಡ್ರಮ್ಮಿನಿಂದ ಉರಿಯುತ್ತದೆ, ಅದು ಬರಿದಾಗಬಾರದು ಎಂಬುದಷ್ಟೇ ಅವರ ಮನಸ್ಸಿನಲ್ಲಿದ್ದದ್ದು. ಆಗ ಅಲ್ಲಿ ಮಾಡುತ್ತಿದ್ದದ್ದು ಒಂದೇ ಬಗೆಯ ಹಿಟ್ಟು. ಯಾರಿಗೂ ಏನೂ ಆಗಲಿಲ್ಲ.

ಆರೇಳು ತಿಂಗಳ ಹಿಂದೆ ‘ಮಕ್ಕಳ ಹುರಿಹಿಟ್ಟು’ ಶುರುವಾಯಿತು. ಅದಕ್ಕೆ ಕಡ್ಲೆಬೀಜ ಹಾಕುವಂತಿಲ್ಲ. ಕೆಲವು ಮಕ್ಕಳ ಮೈಗೆ ಅದು ಆಗುವುದಿಲ್ಲ, ಚಿಟಿಕೆಯಷ್ಟು ಹೋದರೂ ಮುಖ ಊದಿ ಉಸಿರು ಕಟ್ಟಬಹುದು ಎಂದು ಸ್ಮಿತಾ ಹೇಳಿದ್ದಳು. ಪ್ಯಾಕೆಟ್ಟಿನ ಮೇಲೆಯೇ ದೊಡ್ಡದಾಗಿ ‘ಕಡಲೆಬೀಜ ಇಲ್ಲ’ ಎಂದು ಅಚ್ಚು ಹಾಕಿಸಿದರು. ಬೇರೆ ಡ್ರಮ್ಮು ಬೇಕೆಂದು ಅವಳು ಕೇಳಿದಾಗ ನಿರಂಜನ್, “ಮುಂದಿನ ತಿಂಗ್ಳು ನೋಡೋಣ” ಎಂದಿದ್ದ. ಅಲ್ಲಿಯವರೆಗೆ ಸೋಮವಾರದಿಂದ ಬುಧವಾರದವರೆಗೆ ಕಡ್ಲೆಬೀಜದ ಹಿಟ್ಟು, ಗುರುವಾರ ಬೆಳಿಗ್ಗೆ ಎಲ್ಲ ತೊಳೆದು, ಮಕ್ಕಳ ಹಿಟ್ಟು ಬೆರೆಸಿ ತುಂಬಿ, ಶುಕ್ರವಾರ ಪ್ಯಾಕೆಟ್ಟು ಕಟ್ಟುವುದು. ನಜ್ಮುನ್ನೀಸಾ ತೊಳೆದ ಮೇಲೆ ಸ್ಮಿತಾ ಡ್ರಮ್ಮಿನ ಒಳಗೆಲ್ಲ ಹತ್ತಿ ಸವರಿ, ಅದನ್ನು ಒಂದು ಪಟ್ಟಿಯ ಮೇಲೆ ಪರೀಕ್ಷೆ ಮಾಡುತ್ತಿದ್ದಳು. ಒಂದು ಗೆರೆ ಮೂಡಿದರೆ ಶುದ್ಧ, ಎರಡು ಮೂಡಿದರೆ ಕಡ್ಲೆಬೀಜ ಉಳಿದಿದೆ ಎಂದು ಲೆಕ್ಕ.

“ಎರಡು ಗೆರೆ ಬಂದ್ರೆ ಸಿಹಿ ಹಂಚ್ಬೇಕಾ ಮೇಡಂ?” ಎಂದು ನಜ್ಮುನ್ನೀಸಾ ಮೊದಲ ದಿನವೇ ಕೇಳಿ ಎಲ್ಲರನ್ನೂ ನಗಿಸಿದ್ದಳು.

“ಎರಡು ಬಂದ್ರೆ ನಿಮ್ ಕೈಲೇ ಇನ್ನೊಂದ್ಸಲ ತೊಳಿಸ್ತೀನಿ ಅಷ್ಟೇ” ಎಂದಿದ್ದಳು ಸ್ಮಿತಾ.

ಎರಡು ಗೆರೆ ಒಂದು ಸಲವೂ ಬರಲಿಲ್ಲ. ನಜ್ಮುನ್ನೀಸಾ ಅಷ್ಟು ಚೆನ್ನಾಗಿ ತೊಳೆಯುತ್ತಿದ್ದಳು. ಆ ಗೆರೆ ನೋಡಿ ಸ್ಮಿತಾ ಹೊರಗೆ ಹೋದ ಮೇಲೆ, ಶಿವಲಿಂಗವ್ವ ಗ್ಲೌಸಿನ ಒಳಗಿನಿಂದ ಕಾಗದದ ಪೊಟ್ಟಣ ತೆಗೆದು ಬುಧವಾರದ ಹಿಟ್ಟನ್ನು ಬುಡಕ್ಕೆ ಹಾಕುತ್ತಿದ್ದರು. ಹಿಂದಿನ ರಾತ್ರಿಯೆಲ್ಲ ಆ ಪೊಟ್ಟಣ ಬಟ್ಟೆ ಬದಲಿಸುವ ಕೋಣೆಯಲ್ಲಿ ಲಕ್ಷ್ಮಿಯ ಪಟದ ಹಿಂದೆ ಇರುತ್ತಿತ್ತು.

“ನಲವತ್ತು ಕಿಲೋದಾಗ ಒಂದ್ ಹಿಡಿ ಏನ್ ಮಾಡತೈತಿ ಅಂದ್ಕೊಂಡೆ” ಎಂದರು ನನಗೆ. ಆಮೇಲೆ ಕಂಬದ ಮೇಲಿನ ಕೈ ನಿಲ್ಲಿಸಿ, “ಇಲ್ಲ. ಮುಚ್ಚಿಟ್ಟು ಹಾಕತಿದ್ದೆ ಅಂದ್ರ ಗೊತ್ತಿತ್ತು ಅಂತನ ಅರ್ಥ. ಗೊತ್ತಿಲ್ದಾಕಿ ಗ್ಲೌಸಿನಾಗ ಯಾಕ ಮುಚ್ಚಿಡ್ತಿದ್ಲು?” ಎಂದರು.

ಡ್ರಮ್ಮು ಬೋರಲು ಹಾಕಿದಾಗ ಬುಡದ್ದು ಕೊನೆಗೆ ಬೀಳುತ್ತದೆ. ಕೊನೆಯ ಕೆಲವು ಪ್ಯಾಕೆಟ್ಟುಗಳಿಗೆ ಹೋಗುತ್ತದೆ. ತೀರ ಕೊನೆಯದು ತೂಕ ಕಡಿಮೆ ಬರುವುದರಿಂದ ಅದನ್ನು ಸರದಿಯ ಪ್ರಕಾರ ಕೆಲಸದವರಿಗೆ ಕೊಡುತ್ತಿದ್ದರು. ಆ ಶುಕ್ರವಾರದ ಸರದಿ ನಜ್ಮುನ್ನೀಸಾಳದು. ಅವಳ ಮನೆಯ ಮೇಲಿನ ಮಹಡಿಯಲ್ಲಿ ಮುಬೀನ್ ಎಂಬ ದರ್ಜಿಯ ಸಂಸಾರ. ಅವನ ನಾಲ್ಕು ವರ್ಷದ ಮಗಳಿಗೆ ಕಡ್ಲೆಬೀಜ ಆಗುವುದಿಲ್ಲ. ತಾಯಿ ಹೊರಗಿನ ಬಿಸ್ಕತ್ತು ಕೊಡುವುದಕ್ಕೂ ಹೆದರುತ್ತಿದ್ದಳು. ನಜ್ಮುನ್ನೀಸಾ ಆ ಪ್ಯಾಕೆಟ್ಟನ್ನು ತಾನು ಇಟ್ಟುಕೊಳ್ಳದೆ ಮೇಲೆ ಕೊಟ್ಟು ಬಂದಳು. “ಇದನ್ನ ಧೈರ್ಯವಾಗಿ ಕೊಡಿ, ಡ್ರಮ್ಮು ತೊಳೆಯೋದೇ ನಾನು” ಎಂದಳಂತೆ.

ಶನಿವಾರ ಬೆಳಿಗ್ಗೆ ಮಗು ಹಾಲಿನಲ್ಲಿ ಕಲಸಿದ ಹಿಟ್ಟು ತಿಂದಿತು. ನಾಲ್ಕು ಚಮಚಕ್ಕೆ ತುಟಿ ಊದಿತು, ಮೈಯೆಲ್ಲ ದದ್ದೆದ್ದಿತು, ಉಸಿರಾಟ ಶಿಳ್ಳೆ ಹೊಡೆದಂತಾಯಿತು. ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ಎರಡು ದಿನ ಅಲ್ಲಿದ್ದು ಬದುಕಿಕೊಂಡಿತು.

ಸೋಮವಾರ ಮುಬೀನ್ ಅರ್ಧ ಉಳಿದ ಪ್ಯಾಕೆಟ್ಟನ್ನು ಕವರಿನಲ್ಲಿ ಹಾಕಿಕೊಂಡು ಕಾರ್ಖಾನೆಗೆ ಬಂದ. ಕೂಗಾಡಲಿಲ್ಲ. “ಇಲ್ಲಿ ಏನ್ ಬರ್ದಿದೀರಾ ಓದಿ ಸರ್” ಎಂದು ನಿರಂಜನ್ ಮುಂದೆ ಹಿಡಿದ. ಸ್ಮಿತಾ ಅಲ್ಲಿಯೇ ಚಿಟಿಕೆ ಹಿಟ್ಟು ತೆಗೆದು ಪಟ್ಟಿಯ ಮೇಲೆ ಹಾಕಿದಳು. ಎಲ್ಲರೂ ಸುತ್ತ ನಿಂತಿದ್ದರು. ಎರಡು ಗೆರೆ ಮೂಡಿತು. ನಜ್ಮುನ್ನೀಸಾ ಶಿವಲಿಂಗವ್ವನ ಕಡೆ ತಿರುಗಿದಳು.

“ಶಿವಲಿಂಗಕ್ಕಾ, ನಾನ್ ತೊಳ್ದಿದ್ದೆ ಅಲ್ವಾ? ನೀವೇ ನೋಡಿದ್ರಿ ಅಲ್ವಾ? ಮೂಲೆ ಬಿಟ್ಬಿಟ್ನಾ ನಾನು?”

ಶಿವಲಿಂಗವ್ವ ಅವಳ ತಲೆ ನೇವರಿಸಿದರು.

ಆ ವಾರದ ಹಿಟ್ಟಿನಿಂದ ಸ್ಮಿತಾ ಮೊದಲೇ ತೆಗೆದಿಟ್ಟಿದ್ದ ಮಾದರಿ ಶುದ್ಧವಾಗಿಯೇ ಇತ್ತು. ಹಾಗಾದರೆ ಡ್ರಮ್ಮಿನ ಬುಡದ ಯಾವುದೋ ಸಂದಿಯಲ್ಲಿ ಹಳೆಯ ಹಿಟ್ಟು ಉಳಿದಿರಬೇಕು, ತೊಳೆದದ್ದು ಸಾಲದಾಗಿದೆ ಎಂದು ತೀರ್ಮಾನವಾಯಿತು. ಮಕ್ಕಳ ಹಿಟ್ಟು ಮಾಡುವುದನ್ನು ನಿಲ್ಲಿಸಿದರು. ಅದೊಂದೇ ವಾರದ ಪ್ಯಾಕೆಟ್ಟುಗಳನ್ನು ಅಂಗಡಿಗಳಿಂದ ವಾಪಸು ತರಿಸಿದರು. ವಿಚಾರಣೆ ಮುಗಿಯುವವರೆಗೆ ಬರಬೇಡ ಎಂದು ನಜ್ಮುನ್ನೀಸಾಳಿಗೆ ಹೇಳಿದರು. ಅವಳು ವಾದ ಮಾಡದೆ ತಗಡಿನ ಡಬ್ಬಿಯಿಂದ ತನ್ನ ಬಳೆ ಆರಿಸಿಕೊಂಡು ಹೋದಳು.

ಒಂದೇ ವಾರದ್ದಲ್ಲ, ಹದಿನಾರು ವಾರದ್ದು ಎಂದು ಇಡೀ ಕಾರ್ಖಾನೆಯಲ್ಲಿ ಗೊತ್ತಿದ್ದದ್ದು ಒಬ್ಬರಿಗೇ. ಹದಿನೈದು ಗುರುವಾರಗಳ ಹಿಟ್ಟು ಇನ್ನೂ ಅಂಗಡಿಗಳಲ್ಲಿತ್ತು, ಯಾರ ಯಾರದೋ ಅಡುಗೆಮನೆಗಳಲ್ಲಿತ್ತು, ‘ಕಡಲೆಬೀಜ ಇಲ್ಲ’ ಎಂಬ ಮಾತನ್ನು ಮೈಮೇಲೆ ಹೊತ್ತುಕೊಂಡು.

ಮಂಗಳವಾರ ಬೆಳಿಗ್ಗೆ ಶಿವಲಿಂಗವ್ವ ಸ್ನಾನ ಮಾಡಿ, ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂತರು. ಲಿಂಗದ ಮೇಲೆ ಕಣ್ಣು ನಿಲ್ಲಲಿಲ್ಲ. ಪಕ್ಕದಲ್ಲಿದ್ದ ಬಲಗೈಯ ಕಡೆಗೇ ಹೋಗುತ್ತಿತ್ತು. ಐದು ಬೆರಳು ಮಡಿಸಿದರೆ ಎಷ್ಟು ಹಿಟ್ಟು ಹಿಡಿಯುತ್ತದೆ ಎಂದು ಮಡಿಸಿ ನೋಡಿದರಂತೆ. ಪೂಜೆ ಅರ್ಧಕ್ಕೆ ಎದ್ದರು. ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಿದ್ದ ಗಂಡನಿಗೆ ಎಲ್ಲ ಹೇಳಿದರು.

ವೀರಬಸಪ್ಪನವರು ಗುಂಡಿ ಹಾಕುವುದನ್ನು ನಿಲ್ಲಿಸಲಿಲ್ಲ. “ಹೇಳಿದ್ರ ಕೆಲಸ ಹೊಕ್ಕೈತಿ. ಪೊಲೀಸ್ರು ಬಂದ್ರೂ ಬಂದಾರು” ಎಂದರು. ಬೂಟಿನ ದಾರ ಕಟ್ಟಿ ಎದ್ದು, ಬಾಗಿಲಲ್ಲಿ ತಿರುಗಿ, “ಆ ಹಿಟ್ಟು ಇನ್ನೂ ಅಂಗಡ್ಯಾಗ ಐತೇನು?” ಎಂದು ಕೇಳಿದರು.

“ಐತಿ.”

“ನಮ್ಮ ಅಪಾರ್ಟ್‌ಮೆಂಟಿನ ಮುಂದಿನ ಅಂಗಡ್ಯಾಗೂ ಇಟ್ಟಾರ. ನಾನ ನೋಡೀನಿ” ಎಂದು ಹೊರಟುಹೋದರು.

ಶಿವಲಿಂಗವ್ವ ಅವತ್ತೇ ಹೇಳಬೇಕೆಂದುಕೊಂಡು ಕಾರ್ಖಾನೆಗೆ ಹೋದರು. ಸ್ಮಿತಾ ಫೋನಿನಲ್ಲಿದ್ದಳು. ಬುಧವಾರ ಹೇಳಬೇಕೆಂದುಕೊಂಡರು. ನಿರಂಜನ್ ಕೋಪದಲ್ಲಿದ್ದ. ನೆವಕ್ಕೇನು ಬರ, ಒಂದೊಂದು ಗಳಿಗೆಗೆ ಒಂದೊಂದು ಸಿಗುತ್ತಿತ್ತು ಎಂದರು ನನ್ನ ಹತ್ತಿರ. ಮಧ್ಯಾಹ್ನ ಕಟ್ಟೆಯ ಮೇಲೆ ಒಬ್ಬರೇ ಕೂತು ರೊಟ್ಟಿ ಬಿಚ್ಚಿದರು, ತಿನ್ನದೆ ಕಟ್ಟಿದರು. ನಜ್ಮುನ್ನೀಸಾಳಿಗೆ ಫೋನು ಮಾಡಿದರು. ಅವಳು ಅತ್ತು ಅತ್ತು ಗಂಟಲು ಕಟ್ಟಿಸಿಕೊಂಡಿದ್ದಳು.

“ಅಕ್ಕಾ, ಮೆಟ್ಲಲ್ಲಿ ಅವ್ರು ಎದುರು ಬಂದ್ರೆ ನಾನು ಒಳಗ್ ಓಡಿಬಿಡ್ತೀನಿ. ಧೈರ್ಯವಾಗಿ ಕೊಡಿ ಅಂದೆ ಅಲ್ವಾ, ನನ್ ಬಾಯಿಂದಾನೇ ಅಂದೆ. ಆ ಮಗು ನನ್ನ ಖಾಲಾ, ಚಿಕ್ಕಮ್ಮಾ ಅಂತ ಕರಿಯುತ್ತೆ.”

ಶಿವಲಿಂಗವ್ವ, “ಅಳಬ್ಯಾಡವಾ” ಎಂದಷ್ಟೇ ಹೇಳಿ ಫೋನಿಟ್ಟರು.

ಅದೇ ಬುಧವಾರ ಸಂಜೆ ಕೊನೆಯ ಡ್ರಮ್ಮು ಎತ್ತುವಾಗ ಅವರ ಕೈ ತಾನಾಗಿ ಹಿಟ್ಟಿಗೆ ಹೋಗಿ ಒಂದು ಹಿಡಿ ತೆಗೆದು ಕಾಗದಕ್ಕೆ ಹಾಕಿತು. ಕಟ್ಟಿ ಪಟದ ಹಿಂದೆ ಇಟ್ಟಾದ ಮೇಲೆ ಏನು ಮಾಡಿದೆ ಎಂದು ತಿಳಿದದ್ದು. ತೆಗೆದು ಬಿಸಾಡಲೂ ಆಗಲಿಲ್ಲ, ಅನ್ನ. ಲಕ್ಷ್ಮಿಯ ಮುಖ ನೋಡದೆ ಹೊರಗೆ ಬಂದರು.

ಗುರುವಾರ ಬೆಳಿಗ್ಗೆ ಸ್ಮಿತಾ ತಾನೇ ಕೋಟಿನ ತೋಳು ಮಡಿಸಿ ಡ್ರಮ್ಮು ತೊಳೆಯಲು ಕೂತಳು. ಸಂದಿ ಎಲ್ಲಿದೆ ಎಂದು ಹುಡುಕಬೇಕಿತ್ತು. ನಜ್ಮುನ್ನೀಸಾ ತೊಳೆಯುತ್ತಿದ್ದ ಹಾಗೆಯೇ ತೊಳೆದಳು, ಹತ್ತಿ ಸವರಿದಳು. ಒಂದು ಗೆರೆ. ಮತ್ತೆ ಕಡ್ಲೆಬೀಜದ ಹಿಟ್ಟು ಸವರಿ, ಬೇಕೆಂದೇ ಅರೆಬರೆ ತೊಳೆದು ನೋಡಿದಳು. ಆಗ ಎರಡು ಗೆರೆ ಬಂತು. ಮತ್ತೆ ಸರಿಯಾಗಿ ತೊಳೆದಳು. ಒಂದೇ ಗೆರೆ. ಅವಳು ಒದ್ದೆ ನೆಲದ ಮೇಲೆಯೇ ಕೂತುಬಿಟ್ಟಳು.

“ಅಲ್ಲ ಅಕ್ಕ, ಹೆಂಗೇ ತೊಳೆದ್ರೂ ಪರೀಕ್ಷೆ ಸುಳ್ಳು ಹೇಳ್ತಿಲ್ಲ. ಹೋದ ಗುರುವಾರಾನೂ ಒಂದೇ ಗೆರೆ ಇತ್ತು, ನಾನೇ ಸೈನ್ ಹಾಕಿದೀನಿ. ಮತ್ತೆ ಎಲ್ಲಿಂದ ಬಂತು? ನಂಗೇ ಕೆಲ್ಸ ಬರಲ್ವೇನೋ. ನಂದೇ ತಪ್ಪಿರ್ಬೇಕು.”

ಇನ್ನೊಬ್ಬಳೂ ತನ್ನದೇ ತಪ್ಪು ಎನ್ನುತ್ತಿದ್ದಾಳೆ. ಶಿವಲಿಂಗವ್ವ ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಪಟದ ಹಿಂದಿನ ಪೊಟ್ಟಣ ತಂದು ಸ್ಮಿತಾಳ ಮುಂದೆ ಇಟ್ಟರು.

“ಇದನ್ನ ನೋಡ್ರಿ ಮೇಡಂ. ನೀವು ಗೆರಿ ನೋಡಿ ಹೋದ ಮ್ಯಾಲ ನಾನ ಹಾಕತಿದ್ದೆ.”

ಸ್ಮಿತಾಳಿಗೆ ಮೊದಲು ಅರ್ಥವಾಗಲಿಲ್ಲ. ಬಿಡಿಸಿ ಹೇಳಿದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ. “ಎಷ್ಟು ಸಲ?”

“ಒಂದ್ ಗುರುವಾರಾನೂ ಬಿಟ್ಟಿಲ್ರಿ.”

ಅವಳು ಎದ್ದು, ಕೈ ಒರೆಸಿಕೊಳ್ಳದೆ ಆಫೀಸಿಗೆ ಓಡಿದಳು. ಮಧ್ಯಾಹ್ನದೊಳಗೆ ಎಲ್ಲ ಅಂಗಡಿಗಳಿಗೂ ಫೋನು ಹೋಯಿತು. ಆಹಾರ ಸುರಕ್ಷತೆಯ ಕಚೇರಿಗೆ ಪತ್ರ ಹೋಯಿತು. ಹದಿನಾರು ವಾರದ ಪ್ಯಾಕೆಟ್ಟುಗಳ ನಂಬರು ಹಾಕಿ, ಇವನ್ನು ಮಕ್ಕಳಿಗೆ ಕೊಡಬೇಡಿ ಎಂಬ ಚೀಟಿ ಅಂಗಡಿ ಅಂಗಡಿಯ ಬಾಗಿಲಿಗೂ ಅಂಟಿತು.

ನಿರಂಜನ್ ಶಿವಲಿಂಗವ್ವನನ್ನು ನಿಲ್ಲಿಸಿಕೊಂಡು, “ಏನಮ್ಮಾ ನೀನು, ಪೂಜೆ ಮಾಡೋಕೆ ನಿಂಗೆ ನನ್ ಡ್ರಮ್ಮೇ ಬೇಕಿತ್ತಾ? ಇವತ್ತೇ ಕೊನೆ, ನಾಳೆಯಿಂದ ಬರ್ಬೇಡ” ಎಂದ. ಅವರು ತಲೆ ಆಡಿಸಿದರು. ಅದು ನ್ಯಾಯವೇ ಅನ್ನಿಸಿತ್ತಂತೆ. ಸ್ಮಿತಾ ನಡುವೆ ಬಂದಳು.

“ಹೇಳಿದವರನ್ನ ಕಳಿಸಿದ್ರೆ ಇನ್ಮೇಲೆ ಇಲ್ಲಿ ಯಾರೂ ಏನೂ ಹೇಳಲ್ಲ ಸರ್. ಆಮೇಲೆ ನಾನು ಬೇರೆ ಡ್ರಮ್ಮು ಕೇಳಿ ಎಷ್ಟು ತಿಂಗ್ಳಾಯ್ತು?”

ನಿರಂಜನ್ ಕೆಲಸದಿಂದ ತೆಗೆಯುವ ಮಾತು ಬಿಟ್ಟ. ಸೋಮವಾರ ಎರಡು ಹೊಸ ಡ್ರಮ್ಮು ಬಂದವು, ನೀಲಿ ಮುಚ್ಚಳದವು. ನಜ್ಮುನ್ನೀಸಾಳನ್ನು ಕರೆಸಿದರು. ಶಿವಲಿಂಗವ್ವನನ್ನು ಹುರಿಯುವ ಕೆಲಸದಿಂದ ತೆಗೆದು, ವಾಪಸು ಬಂದ ಪ್ಯಾಕೆಟ್ಟು ಕತ್ತರಿಸಿ ಸುರಿಯುವುದಕ್ಕೆ ಹಾಕಿದರು. ಮೂಟೆಗಟ್ಟಲೆ ಬಂದಿತ್ತು. ಆರು ವರ್ಷ ಹಿಡಿ ಹಿಟ್ಟನ್ನೂ ನೆಲಕ್ಕೆ ಬೀಳಿಸದವರು ಹನ್ನೆರಡು ದಿನ ಅನ್ನವನ್ನು ಕಸದ ಚೀಲಕ್ಕೆ ಸುರಿದರು. ಸ್ಮಿತಾ ಪ್ರತಿ ವಾರದ ಕೊನೆಯ ಪ್ಯಾಕೆಟ್ಟುಗಳನ್ನು ಹುಡುಕಿ ಪರೀಕ್ಷೆ ಮಾಡುತ್ತಿದ್ದಳು. ಏಳು ಪ್ಯಾಕೆಟ್ಟುಗಳಲ್ಲಿ ಎರಡು ಗೆರೆ ಬಂತು. ಪ್ರತಿಯೊಂದನ್ನೂ ಅವರಿಗೆ ತೋರಿಸಿದಳು. ಇನ್ನು ಯಾವ ಮನೆಯಿಂದಲೂ ದೂರು ಬರಲಿಲ್ಲ. ಯಾವ ಮನೆಯಲ್ಲಿ ಮಗು ತುಟಿ ತುರಿಸಿಕೊಂಡು ಸುಮ್ಮನಾಗಿರಬಹುದು, ಯಾವ ತಾಯಿ ಸೆಕೆಗುಳ್ಳೆ ಎಂದುಕೊಂಡಿರಬಹುದು ಎಂದು ಅವರು ಇಂದಿಗೂ ಯೋಚಿಸುತ್ತಾರೆ.

ನಜ್ಮುನ್ನೀಸಾ ಬಂದ ದಿನ ಶಿವಲಿಂಗವ್ವ ಅವಳ ಮುಂದೆ ಸೆರಗೊಡ್ಡಿ ನಿಂತರು. ಅವಳು ಅವರ ಮುಖ ನೋಡಲಿಲ್ಲ.

“ಬುಧವಾರ ಫೋನ್ ಮಾಡಿದ್ರಲ್ಲ ಅಕ್ಕಾ, ಅಳಬ್ಯಾಡ ಅಂದ್ರಲ್ಲ, ಆವಾಗ್ಲೂ ನಿಮಗೆ ಗೊತ್ತಿತ್ತಲ್ಲ” ಎಂದಳು.

ಆ ಭಾನುವಾರ ಇಬ್ಬರೂ ಮುಬೀನನ ಮನೆಗೆ ಹೋದರು. ನಜ್ಮುನ್ನೀಸಾ ಮೆಟ್ಟಿಲು ತೋರಿಸಿ ಹಿಂದೆ ನಿಂತಳು. ಶಿವಲಿಂಗವ್ವ ಹೊಸಿಲ ಹೊರಗೇ ನಿಂತು ಎಲ್ಲ ಹೇಳಿದರು. ಮಗು ಒಳಗೆ ಬಟ್ಟೆಯ ಚೂರುಗಳನ್ನು ಜೋಡಿಸುತ್ತಾ ಆಡುತ್ತಿತ್ತು. ಮುಬೀನ್ ಪೂರ್ತಿ ಕೇಳಿದ. ಕುರ್ಚಿ ಹಾಕಿ ಕೂರಿಸಿ ನೀರೂ ಕೊಟ್ಟ.

“ದೇವ್ರ ಹೆಸ್ರಲ್ಲಿ ಮಾಡಿದ್ರಿ, ನಮಗೂ ಅರ್ಥ ಆಗುತ್ತೆ ಅಮ್ಮ. ಅದನ್ನ ಬಿಟ್ಬಿಡ್ತೀನಿ” ಎಂದ. “ಆದ್ರೆ ಸೋಮವಾರ ನಾನು ಅಲ್ಲಿ ನಿಂತಿದ್ನಲ್ಲ, ನೀವೂ ಅಲ್ಲೇ ಇದ್ರಿ. ಗುರುವಾರದವರೆಗೂ ಬೇರೆ ಯಾವ್ದಾದ್ರೂ ಮಗು ತಿಂದಿದ್ರೆ?”

ಶಿವಲಿಂಗವ್ವ ಇದನ್ನು ಹೇಳಿದ ಸೋಮವಾರ ನಾವಿಬ್ಬರೂ ಕಂಬವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಜ್ಜಿದೆವು. ದೇವರು ಕ್ಷಮಿಸುತ್ತಾನೆ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು, ಆಡಲಿಲ್ಲ. ಅವರು ಕೇಳುತ್ತಿದ್ದದ್ದು ಅದನ್ನಲ್ಲ.

ಮನೆಯ ಜೋಳದ ಡಬ್ಬಿಯಲ್ಲಿ ಈಗಲೂ ಒಂದು ಹಿಡಿ ಉಳಿಸುತ್ತಾರೆ. ಅದು ತಮ್ಮ ಡಬ್ಬಿ, ತಿನ್ನುವವರಿಗೆ ಒಳಗೇನಿದೆ ಎಂದು ಗೊತ್ತು.

ಕಾರ್ಖಾನೆಯಲ್ಲಿ ಸ್ಮಿತಾ ಹೊಸ ಪದ್ಧತಿ ಮಾಡಿದ್ದಾಳೆ. ತೊಳೆದ ಡ್ರಮ್ಮಿಗೆ ಹಿಟ್ಟು ಸುರಿಯುವ ಮುಂಚೆ ಇಬ್ಬರು ಒಟ್ಟಿಗೆ ಒಳಗೆ ನೋಡಬೇಕು. ಒಬ್ಬರು ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬರು ಕೇಳಿ ಬರೆದುಕೊಳ್ಳಬೇಕು. ಹೇಳುವ ಕೆಲಸವನ್ನು ಶಿವಲಿಂಗವ್ವ ತಾವೇ ಕೇಳಿ ತೆಗೆದುಕೊಂಡರು. ಬರೆದುಕೊಳ್ಳುವವಳು ನಜ್ಮುನ್ನೀಸಾ. ಈಗ ಮಧ್ಯಾಹ್ನ ಮತ್ತೆ ಕಟ್ಟೆಯ ಮೇಲೆ ಬಂದು ಕೂರುತ್ತಾಳಂತೆ, ಸ್ವಲ್ಪ ದೂರದಲ್ಲಿ. ರೊಟ್ಟಿ ಕೊಟ್ಟರೆ ಮುರಿದುಕೊಳ್ಳುತ್ತಾಳೆ, ಹಲ್ಲಿನ ತಮಾಷೆ ಇನ್ನೂ ಬಂದಿಲ್ಲ.

ಗುರುವಾರ ನಜ್ಮುನ್ನೀಸಾ ಟಾರ್ಚು ಹಿಡಿಯುತ್ತಾಳೆ. ಶಿವಲಿಂಗವ್ವ ಕೊರಳ ಲಿಂಗದ ಬಟ್ಟೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಡ್ರಮ್ಮಿನೊಳಕ್ಕೆ ಬಗ್ಗುತ್ತಾರೆ. ಹೊಳೆಯುವ ಬುಡ ಕಾಣುತ್ತದೆ. ಹೇಳಬೇಕಾದ್ದು ಒಂದೇ ಮಾತು, ಹುಟ್ಟಿದಾಗಿನಿಂದ ಕಾಳಿನ ಪಾತ್ರೆಯ ಮುಂದೆ ಆಡದ ಮಾತು. ಪ್ರತಿ ಸಲವೂ ಅದು ಬಾಯಿಗೆ ಬರಲು ಒಂದು ಗಳಿಗೆ ತಡವಾಗುತ್ತದೆ. ನಜ್ಮುನ್ನೀಸಾ ಪೆನ್ನು ಹಿಡಿದು ಕಾಯುತ್ತಾಳೆ.

“ಖಾಲಿ ಐತಿ” ಎನ್ನುತ್ತಾರೆ.

“ಇನ್ನೊಂದ್ಸಲ ನೋಡಿ ಹೇಳಿ ಅಕ್ಕಾ” ಎನ್ನುತ್ತಾಳೆ ಅವಳು. ಅವರು ಮತ್ತೆ ಬಗ್ಗುತ್ತಾರೆ.